ವರ್ಕ್‌ಶಾಪ್ ದುಡ್ಡು, ಮನೆ ದುಡ್ಡು ಎರಡೂ ಕಲಸಿ ಹೋಗಿದೆ. ಹೆಂಡತಿಯ ಬಂಗಾರ ಅಡ ಇಡಬೇಕಾ, ಬೇಡವಾ?

ಉದ್ಯಮಬಾಗ ಹುಡುಗ:

ಎಲ್ಲರಿಗೂ ನಮಸ್ಕಾರ. ಬೆಳಗಾವಿ ಉದ್ಯಮಬಾಗದಲ್ಲಿ ನಮ್ಮದೊಂದು ಸಣ್ಣ ಮಷೀನ್ ಶಾಪ್ ಇದೆ. ಅಪ್ಪ ಒಂದೇ ಲೇಥ್ ಇಟ್ಟುಕೊಂಡು ಶುರು ಮಾಡಿದ್ದು. ಈಗ ಎರಡು ಲೇಥ್, ಒಂದು ರೇಡಿಯಲ್ ಡ್ರಿಲ್, ಮತ್ತೆ ಲೋನ್ ಮೇಲೆ ತಂದ ಒಂದು ವಿಎಂಸಿ, ಅಂದ್ರೆ ಕಂಪ್ಯೂಟರ್ ಪ್ರೋಗ್ರಾಂ ಮೇಲೆ ನಡೆಯುವ ಮಿಲ್ಲಿಂಗ್ ಮಷೀನ್ ಇದೆ. ಫೌಂಡ್ರಿಗಳಿಂದ ಕಾಸ್ಟಿಂಗ್ (ಎರಕ ಹೊಯ್ದ ಭಾಗ) ಬರುತ್ತದೆ, ನಾವು ಬೋರಿಂಗ್, ಫೇಸಿಂಗ್, ಟ್ಯಾಪಿಂಗ್ ಮಾಡಿ ವಾಪಸ್ ಕಳಿಸುತ್ತೇವೆ. ಪೂರ್ತಿ ಜಾಬ್ ವರ್ಕ್. ಅಪ್ಪ, ನಾನು, ತಮ್ಮ ಮೂವರೂ ಶಾಪಲ್ಲೇ ಇದ್ದೇವೆ, ಜೊತೆಗೆ ಇಬ್ಬರು ಆಪರೇಟರ್.

ಕೆಲಸಕ್ಕೆ ಕೊರತೆ ಇಲ್ಲ. ಜಿಎಸ್‌ಟಿ ಬಿಟ್ಟು ತಿಂಗಳಿಗೆ 2.8 ಲಕ್ಷದ ಹತ್ತಿರ ಬಿಲ್ ಆಗುತ್ತದೆ. ಖರ್ಚು ಹೇಳಬೇಕಂದ್ರೆ ಆಪರೇಟರ್ ಪಗಾರ 42,000, ಶೆಡ್ ಬಾಡಿಗೆ 16,000, ಹೆಸ್ಕಾಂ ಬಿಲ್ 20,000, ವಿಎಂಸಿ ಕಂತು 46,000, ಇನ್ಸರ್ಟ್ (ಕತ್ತರಿಸುವ ಟೂಲಿನ ತುದಿ), ಕೂಲಂಟ್, ಟೆಂಪೋ ಬಾಡಿಗೆ ಎಲ್ಲ ಸೇರಿ 50,000, ಸಿಸಿ (ಬ್ಯಾಂಕಿನ ಕ್ಯಾಶ್ ಕ್ರೆಡಿಟ್ ಸಾಲ) ಬಡ್ಡಿ 8,000. ಸಿಸಿ ಲಿಮಿಟ್ 10 ಲಕ್ಷ, ಅದು ಪೂರ್ತಿ ತುಂಬಿ ನಿಂತಿದೆ.

ತೊಂದರೆ ಏನಂದ್ರೆ ನಮ್ಮ ಕೆಲಸದಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಫೌಂಡ್ರಿಯದ್ದು. ಅವರಿಂದ 8.5 ಲಕ್ಷ ಬರಬೇಕು, ಅದರಲ್ಲಿ ಐದು ತಿಂಗಳ ಹಿಂದಿನ ಬಿಲ್ಲೂ ಇದೆ. ಕೇಳಿದರೆ ಮುಂದಿನ ವಾರ ಅಂತಾರೆ. ಇನ್ನೊಂದು ಕಿರಿಕಿರಿ, ಕಾಸ್ಟಿಂಗ್ ಒಳಗೆ ಬ್ಲೋ ಹೋಲ್ (ಗಾಳಿಯಿಂದ ಆದ ತೂತು) ಇದ್ದರೆ ಅದು ನಾವು ಕಟ್ ಹಾಕಿದ ಮೇಲೇ ಕಾಣೋದು. ಅಷ್ಟೊತ್ತಿಗೆ ನಮ್ಮ ಮಷೀನ್ ಟೈಮು, ಇನ್ಸರ್ಟು ಎರಡೂ ಹೋಗಿರುತ್ತದೆ, ಆದರೂ ರಿಜೆಕ್ಷನ್ ಅಂತ ನಮ್ಮ ಹೆಸರಿಗೇ ಡೆಬಿಟ್ ನೋಟ್ ಹಾಕಿ ಬಿಲ್ಲಿನಿಂದ ಮುರಿದುಕೊಳ್ಳುತ್ತಾರೆ.

ಹೀಗಾಗಿ ಮನೆ, ಶಾಪ್ ಎರಡೂ ಒಂದೇ ಜೇಬಿನಿಂದ ನಡೆಯುತ್ತಿವೆ. ಹೆಂಡತಿ ಖಾಸಗಿ ಶಾಲೆಯಲ್ಲಿ ಟೀಚರ್, ಅವಳ ಪಗಾರ ಎಷ್ಟೋ ತಿಂಗಳು ವಿಎಂಸಿ ಕಂತಿಗೆ ಹೋಗಿದೆ. ಮಗಳ ಫೀಸು, ಅಪ್ಪನ ಶುಗರ್ ಔಷಧಿ, ಶಾಪಿನ ಇನ್ಸರ್ಟ್ ಎಲ್ಲ ಒಂದೇ ಕ್ರೆಡಿಟ್ ಕಾರ್ಡಿನಲ್ಲಿ. ಕಾರ್ಡ್ ಬಾಕಿ 1.4 ಲಕ್ಷ ಇದೆ, ಮಿನಿಮಮ್ ಡ್ಯೂ ಕಟ್ಟುತ್ತಾ ಇದ್ದೇನೆ.

ಈಗ ಹೆಂಡತಿಯ ಬಂಗಾರ ಅಡ ಇಟ್ಟು 5 ಲಕ್ಷ ತಂದು ಎರಡು ಕಂತು, ಬಾಡಿಗೆ, ಪಗಾರ ತೀರಿಸೋಣ ಅಂತ ವಿಚಾರ. ಅವಳು ಇಲ್ಲ ಅನ್ನುತ್ತಿಲ್ಲ. "ಕೊಡ್ತೀನಿ, ಆದ್ರ ಯಾವ ತಿಂಗಳು ಬಿಡಿಸ್ತೀರಿ ಅಂತ ಹೇಳ್ರಿ" ಅಂದಳು. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ತಮ್ಮ ಅಂತೂ ಎಲ್ಲ ಮಾರಿ ಪುಣೆಗೆ ನೌಕರಿಗೆ ಹೋಗೋಣ ಅಂತಾನೆ. ಅನುಭವ ಇದ್ದವರು ದಯವಿಟ್ಟು ಹೇಳಿ.

ತಿಲಕವಾಡಿ ಲೆಕ್ಕದವಳು:

ಅಣ್ಣಾ, ನಾನು ಸಣ್ಣ ಶಾಪ್‌ಗಳ ಲೆಕ್ಕ ಬರೆಯುವವಳು. ನೀವು ಕೊಟ್ಟ ಅಂಕಿಗಳನ್ನೇ ಕೂಡಿಸಿ ನೋಡಿ. ಖರ್ಚು 1.82 ಲಕ್ಷ, ಬಿಲ್ 2.8 ಲಕ್ಷ. ರಿಜೆಕ್ಷನ್ ಡೆಬಿಟ್ ತೆಗೆದರೂ ತಿಂಗಳಿಗೆ 80,000 ಉಳಿಯಬೇಕು. ಅಂದ್ರೆ ನಿಮ್ಮ ಶಾಪ್ ನಷ್ಟದಲ್ಲಿಲ್ಲ. ನಿಮ್ಮ ದುಡ್ಡು ಇನ್ನೊಬ್ಬರ ಹತ್ತಿರ ಇದೆ, ಅಷ್ಟೇ. ನಿಮ್ಮ ಸಿಸಿ ಮೇಲೆ ನೀವು ಬಡ್ಡಿ ಕಟ್ಟುತ್ತಿದ್ದೀರಿ, ಆ ಫೌಂಡ್ರಿ ನಿಮ್ಮ 8.5 ಲಕ್ಷವನ್ನು ಬಡ್ಡಿಯಿಲ್ಲದೆ ಬಳಸುತ್ತಿದೆ. ಇದರ ಮೇಲೆ ನಿಮ್ಮ ಮನೆಯವರ ಬಂಗಾರವನ್ನೂ ಸುರಿದರೆ ಅದೂ ಅವರಿಗೇ ಸಾಲ ಕೊಟ್ಟ ಹಾಗೆ ಅಲ್ವಾ? ಎರಡು ತಿಂಗಳು ಬಿಟ್ಟು ಮತ್ತೆ ಇಲ್ಲೇ ನಿಂತಿರುತ್ತೀರಿ, ಆಗ ಬಂಗಾರ ಇರುವುದಿಲ್ಲ.

ಬಿಲ್ಲಿನ ದುಡ್ಡು ಬರಲಿ ಬಿಡಲಿ, ಜಿಎಸ್‌ಟಿ ಕಟ್ಟಲೇಬೇಕು. ತಡವಾದರೆ ವರ್ಷಕ್ಕೆ 18 ಪರ್ಸೆಂಟ್ ಬಡ್ಡಿ. ಇನ್ನೊಂದು ವಿಷಯ ಬಹಳ ಜನ ಗಮನಿಸುವುದಿಲ್ಲ. 90 ದಿನ ದಾಟಿದ ಬಾಕಿಯನ್ನು ಸಾಮಾನ್ಯವಾಗಿ ಬ್ಯಾಂಕು ಡ್ರಾಯಿಂಗ್ ಪವರ್ (ಸಿಸಿಯಿಂದ ಎಷ್ಟು ತೆಗೆಯಬಹುದು ಅನ್ನುವ ಮಿತಿ) ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಳೇ ಬಾಕಿ ಬೆಳೆದಷ್ಟೂ ನಿಮ್ಮ ಸಿಸಿ ಒಳಗಿಂದ ಸಣ್ಣದಾಗುತ್ತದೆ.

ಉದ್ಯಮ್ ರಿಜಿಸ್ಟ್ರೇಶನ್ (ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ನೋಂದಣಿ) ಇದೆಯಾ? ಇಲ್ಲದಿದ್ದರೆ ಇವತ್ತೇ ಮಾಡಿ, ಸರ್ಕಾರದ ಪೋರ್ಟಲ್‌ನಲ್ಲಿ ಒಂದು ರೂಪಾಯಿಯೂ ಬೇಡ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಸಣ್ಣ ಘಟಕಕ್ಕೆ ಒಪ್ಪಂದ ಇದ್ದರೂ 45 ದಿನದೊಳಗೆ ಹಣ ಕೊಡಬೇಕು, ಬರವಣಿಗೆಯಲ್ಲಿ ಒಪ್ಪಂದ ಇಲ್ಲದಿದ್ದರೆ 15 ದಿನ. ತಪ್ಪಿದರೆ ಆರ್‌ಬಿಐ ಬ್ಯಾಂಕ್ ರೇಟಿನ ಮೂರು ಪಟ್ಟು, ಅದೂ ತಿಂಗಳ ಚಕ್ರಬಡ್ಡಿ. 2024ರ ಏಪ್ರಿಲ್‌ನಿಂದ ಇನ್‌ಕಮ್ ಟ್ಯಾಕ್ಸ್‌ನಲ್ಲೂ ಬಿಗಿ ಆಗಿದೆ. 45 ದಿನ ಮೀರಿ ಬಾಕಿ ಇಟ್ಟುಕೊಂಡರೆ ನಿಜವಾಗಿ ಹಣ ಕೊಟ್ಟ ವರ್ಷವೇ ಅವರು ಅದನ್ನು ಖರ್ಚಿಗೆ ತೋರಿಸಬೇಕು. ಹೀಗಾಗಿ ಮಾರ್ಚ್ ಹತ್ತಿರ ಬಂದಾಗ ಅವರ ಆಡಿಟರೇ ಅವರನ್ನು ಒತ್ತಾಯಿಸುತ್ತಾರೆ. ಅದೂ ಅಲ್ಲದೆ 180 ದಿನದೊಳಗೆ ನಿಮಗೆ ಹಣ ಕೊಡದಿದ್ದರೆ, ನಿಮ್ಮ ಬಿಲ್ ಮೇಲೆ ತಗೊಂಡ ಜಿಎಸ್‌ಟಿ ಕ್ರೆಡಿಟ್ಟನ್ನು ಅವರು ಬಡ್ಡಿ ಸಮೇತ ವಾಪಸ್ ಮಾಡಬೇಕು. ಐದು ತಿಂಗಳ ಬಿಲ್ ಅಂದ್ರಿ, ಆ ಗಡುವು ಹತ್ತಿರದಲ್ಲೇ ಇದೆ. ಕೊಡದಿದ್ದರೆ ಬಾಕಿ ದೂರಿಗೆ ಇರುವ ಎಂಎಸ್‌ಎಂಇ ಇಲಾಖೆಯ ಪೋರ್ಟಲ್‌ನಲ್ಲಿ ದೂರು ಹಾಕಿ.

ಮಚ್ಛೆ ಕಾಕಾ:

ತಂಗಿ ಹೇಳಿದ ಕಾನೂನು ಎಲ್ಲ ಸರಿ. ಆದರೆ ತಮ್ಮಾ, ನಾಳೆ ಬೆಳಿಗ್ಗೆನೇ ದೂರು ಹಾಕಬೇಡ. ಅರ್ಧಕ್ಕಿಂತ ಜಾಸ್ತಿ ಕೆಲಸ ಅವರದೇ ಅಂತ ನೀನೇ ಹೇಳಿದಿ. ದೂರು ಹಾಕಿದ ದಿನವೇ ಕಾಸ್ಟಿಂಗು, ಫಿಕ್ಸ್ಚರು ಎತ್ತಿಕೊಂಡು ಹೋಗುತ್ತಾರೆ, ಆಮೇಲೆ ವಿಎಂಸಿ ಖಾಲಿ ನಿಲ್ಲುತ್ತದೆ, ಕಂತು ಮಾತ್ರ ನಿಲ್ಲುವುದಿಲ್ಲ. 90 ದಿನದಲ್ಲಿ ತೀರ್ಮಾನ ಅಂತ ಕಾಯ್ದೆಯಲ್ಲಿದೆ, ನಿಜವಾಗಿ ಅದಕ್ಕಿಂತ ಜಾಸ್ತಿ ಎಳೆಯುತ್ತದೆ.

ನಾನೂ ಜಾಬ್ ವರ್ಕ್ ಮಾಡುವವನೇ. ನೀವು ಪರ್ಚೇಸ್‌ನವರಿಗೆ ಫೋನ್ ಮಾಡುತ್ತಿರುತ್ತೀರಿ, ಅವರ ಕೈಯಲ್ಲಿ ದುಡ್ಡು ಕೊಡುವ ಅಧಿಕಾರ ಇರುವುದಿಲ್ಲ. ಅಕೌಂಟ್ಸ್‌ನವರ ಮುಂದೆ ಹೋಗಿ ಕೂತುಕೋ. ಚಲನ್ ನಂಬರ್, ಬಿಲ್ ನಂಬರ್, ತಾರೀಖು ಹಾಕಿದ ಒಂದು ಹಾಳೆ ತಗೊಂಡು ಹೋಗು. ಎಷ್ಟೋ ಸಲ ಬಿಲ್ ನಿಂತಿರುವುದೇ ಚಲನ್‌ನಲ್ಲಿ ಎರಡು ಪೀಸ್ ವ್ಯತ್ಯಾಸ ಅಂತ, ಇಲ್ಲಾ ಇನ್‌ಸ್ಪೆಕ್ಷನ್ ರಿಪೋರ್ಟಿಗೆ ಸಹಿ ಇಲ್ಲ ಅಂತ. ಅದನ್ನು ಯಾರೂ ತಾವಾಗಿ ಹೇಳುವುದಿಲ್ಲ. ಹಳೇ ಬಾಕಿಯನ್ನು ವಾರಕ್ಕೆ ಇಷ್ಟು ಅಂತ ಕಂತು ಮಾಡಿಸು, ಹೊಸ ಬಿಲ್ಲಿಗೆ 45 ದಿನ ಅಂತ ಪಿಒ (ಪರ್ಚೇಸ್ ಆರ್ಡರ್) ಮೇಲೆ ಬರೆಸು. ಅಷ್ಟಕ್ಕೂ ಒಪ್ಪದಿದ್ದರೆ ಹೊಸ ಲಾಟ್ ತಗೋಬೇಡ.

ಬ್ಲೋ ಹೋಲ್ ವಿಷಯ. ಇದರಲ್ಲಿ ಸುಮ್ನೆ ಇರಬೇಡ. ರಫ್ ಕಟ್ ಹಾಕಿದ ತಕ್ಷಣ ಹೋಲ್ ಕಂಡರೆ ಅಲ್ಲೇ ಮಷೀನ್ ನಿಲ್ಲಿಸಿ, ಹೀಟ್ ನಂಬರ್ (ಯಾವ ಎರಕದ ಲಾಟ್ ಅನ್ನುವ ಗುರುತು) ಕಾಣುವ ಹಾಗೆ ಫೋಟೋ ತೆಗೆದು ಅವರ ಕ್ವಾಲಿಟಿಯವರಿಗೆ ವಾಟ್ಸಾಪ್ ಮಾಡು. ಪೀಸನ್ನು ಬೇರೆ ಟ್ರೇನಲ್ಲಿ ಇಟ್ಟು, ಮೆಟೀರಿಯಲ್ ರಿಜೆಕ್ಷನ್ ಅಂತ ಚಲನ್‌ನಲ್ಲಿ ಬೇರೆ ಸಾಲು ಬರೆ, ಅಲ್ಲಿಯವರೆಗೆ ಆದ ಮಷೀನಿಂಗ್ ಚಾರ್ಜೂ ಹಾಕು. ಎಲ್ಲ ಫೌಂಡ್ರಿಯವರೂ ಒಪ್ಪುತ್ತಾರೆ ಅಂತ ಅಲ್ಲ, ಆದರೆ ಪುರಾವೆ ಇದ್ದ ಕಡೆ ಡೆಬಿಟ್ ನೋಟ್ ಹಾಕಲು ಅವರೂ ಹಿಂದೆಮುಂದೆ ನೋಡುತ್ತಾರೆ.

ಇನ್ನು ನಿನ್ನ ತಮ್ಮ ಪುಣೆಗೆ ಹೋಗಬೇಕು ಅಂದ್ರೆ ತಡೆಯಬೇಡ. ಒಬ್ಬನ ಪಗಾರ ಹೊರಗಿನಿಂದ ಬಂದರೆ ಮನೆ ಶಾಪಿನ ಮೇಲೆ ಪೂರ್ತಿ ಒರಗುವುದು ತಪ್ಪುತ್ತದೆ.

ಬನಹಟ್ಟಿ ಮಗ್ಗದ ಮನೆ:

ನಮ್ಮದು ಪವರ್‌ಲೂಮ್, ಧಂದೆ ಬೇರೆ, ಪರಿಸ್ಥಿತಿ ಇದೇ. ಸೀರೆ ಹೋಗುತ್ತವೆ, ದುಡ್ಡು ಸೀಸನ್ ಮುಗಿದ ಮೇಲೆ. ನೂಲಿನವರಿಗೆ ಮಾತ್ರ ಅವತ್ತಿಂದವತ್ತಿಗೆ ಕೊಡಬೇಕು.

ಅಣ್ಣಾ, ಮೊದಲು ನಿಮ್ಮ ಮೂವರಿಗೂ ಒಂದು ಪಗಾರ ನಿಗದಿ ಮಾಡಿ. ಸಣ್ಣದಿದ್ದರೂ ಪರವಾಗಿಲ್ಲ. ತಿಂಗಳ ಒಂದನೇ ತಾರೀಖು ಶಾಪಿನ ಖಾತೆಯಿಂದ ಮನೆ ಖಾತೆಗೆ ಹೋಗಲಿ, ಆಮೇಲೆ ಮನೆಯವರು ಶಾಪಿನ ಖಾತೆ ಮುಟ್ಟಬಾರದು, ಶಾಪಿನವರು ಮನೆ ಖಾತೆ ಮುಟ್ಟಬಾರದು. ವೈನಿ ಪಗಾರವಂತೂ ಮುಟ್ಟಲೇಬೇಡಿ. ನಿಮ್ಮ ಮನೆಯಲ್ಲಿ ತಾರೀಖಿಗೆ ಸರಿಯಾಗಿ ಬರುವ ದುಡ್ಡು ಅದೊಂದೇ. ಫೀಸು, ರೇಷನ್, ಅಪ್ಪಾವರ ಔಷಧಿ ಅದರಲ್ಲೇ ನಡೆಯಲಿ.

ನಮ್ಮಲ್ಲಿ ವಾರದ ಲೆಕ್ಕಕ್ಕೆ ಅವ್ವ, ಇಬ್ಬರೂ ಸೊಸೆಯಂದಿರು ಕೂತಿರುತ್ತಾರೆ. ಯಾರಿಂದ ಎಷ್ಟು ಬರಬೇಕು, ಯಾರಿಗೆ ಎಷ್ಟು ಕೊಡಬೇಕು ಎಲ್ಲರಿಗೂ ಗೊತ್ತು. ಇದರಿಂದ ಮನೆಯಲ್ಲಿ ಅನುಮಾನ ಬೆಳೆಯುವುದಿಲ್ಲ. ಧಂದೆ ಕುಂತರೆ ಎದ್ದು ನಿಲ್ಲಿಸಬಹುದು, ಅಣ್ಣತಮ್ಮಂದಿರು ಮನಸ್ಸು ಮುರಿದುಕೊಂಡರೆ ಬಹಳ ಕಷ್ಟ. ಇದನ್ನು ನಮ್ಮ ಓಣಿಯಲ್ಲೇ ಕಂಡಿದ್ದೇನೆ.

ಜೂನ್ ಫೀಸಿಗೆ ದಿನಾ ಸ್ವಲ್ಪ ಪಿಗ್ಮಿ ಹಾಕಿ. ಆದರೆ ಎಲ್ಲಿ ಹಾಕುತ್ತೀರಿ ನೋಡಿಕೊಳ್ಳಿ. ಬ್ಯಾಂಕಿನ ಠೇವಣಿಗೆ 5 ಲಕ್ಷದವರೆಗೆ ವಿಮೆ ಇದೆ, ಸಹಕಾರಿ ಬ್ಯಾಂಕಿಗೂ ಇದೆ, ಕ್ರೆಡಿಟ್ ಸೊಸೈಟಿಗಳಿಗೆ ಇಲ್ಲ. ಭಿಶಿ (ಚೀಟಿ) ಎತ್ತಿ ಪಗಾರ ಕೊಡುವುದು, ಮೊಬೈಲ್ ಆ್ಯಪ್ ಸಾಲ, ಇವೆರಡರ ಹತ್ತಿರವೂ ಹೋಗಬೇಡಿ.

ಉದ್ಯಮಬಾಗ ಹುಡುಗ:

ಎಲ್ಲರಿಗೂ ತುಂಬಾ ಧನ್ಯವಾದ. ಉದ್ಯಮ್ ನಂಬರ್ ಇದೆ, ಲೋನ್ ತಗೊಂಡಾಗಲೇ ಮಾಡಿಸಿದ್ದು, ಬಿಲ್ ಮೇಲೆ ಮಾತ್ರ ಹಾಕುತ್ತಿಲ್ಲ. ಕಾಕಾ ಹೇಳಿದ ಹಾಗೆ ಅಕೌಂಟ್ಸ್‌ಗೆ ಹಾಳೆ ತಗೊಂಡು ಹೋಗುತ್ತೇನೆ. ಆದರೆ ಮುಂದಿನ ಕಂತಿಗೆ ಏನು ಮಾಡಲಿ ಅಕ್ಕಾ? ಅಪ್ಪನಿಗೆ ಆ ಮಾಲೀಕರ ಜೊತೆ ಹಳೇ ಸಂಬಂಧ, ನೋಟಿಸ್ ಗೀಟಿಸ್ ಅಂದ್ರೆ ಒಪ್ಪುವುದಿಲ್ಲ.

ತಿಲಕವಾಡಿ ಲೆಕ್ಕದವಳು:

ಕಾಕಾ ಹೇಳಿದ ಕ್ರಮವೇ ಸರಿ, ಮೊದಲು ಮಾತು, ದೂರು ಕೊನೆಗೆ. ಆದರೆ ದೂರು ಹಾಕಲು ಬೇಕಾದ ಕಾಗದ ಇವತ್ತಿಂದಲೇ ಕೂಡಿಡಿ. ಬಿಲ್ ಮೇಲೆ ಉದ್ಯಮ್ ನಂಬರ್ ಹಾಕಿ. ಅಪ್ಪಾವರಿಗೆ ನೋಟಿಸ್ ಬೇಡ ಅನಿಸಿದರೆ ಬ್ಯಾಲೆನ್ಸ್ ಕನ್‌ಫರ್ಮೇಶನ್ ಪತ್ರ ಕಳಿಸಿ, ಅದು ಎಲ್ಲರೂ ಆಡಿಟ್‌ಗೆ ಕೇಳುವ ಪತ್ರ, ಯಾರಿಗೂ ಬೇಜಾರಾಗುವುದಿಲ್ಲ. ಇಂಥ ತಾರೀಖಿಗೆ ನಿಮ್ಮಿಂದ ಇಷ್ಟು ಬರಬೇಕು, ಸರಿ ಇದೆಯಾ ಅಂತ ಅಷ್ಟೇ.

ಕಂತಿನ ವಿಷಯಕ್ಕೆ, ತಪ್ಪುವ ಮೊದಲೇ ಬ್ಯಾಂಕಿಗೆ ಹೋಗಿ. ಬಾಕಿ ಪಟ್ಟಿ, ಆರ್ಡರ್ ಎರಡನ್ನೂ ತೋರಿಸಿ ಕಂತಿನ ಅವಧಿ ಬೆಳೆಸಲು ಕೇಳಿ. 90 ದಿನ ದಾಟಿ ಎನ್‌ಪಿಎ (ವಸೂಲಾಗದ ಸಾಲ) ಆದ ಮೇಲೆ ಅದೇ ಮ್ಯಾನೇಜರ್ ಕೈ ಕಟ್ಟಿ ಹೋಗಿರುತ್ತದೆ.

ಬಂಗಾರದ ಬಗ್ಗೆ. ಕಂತಿಗೆ, ಪಗಾರಕ್ಕೆ ಬೇಡವೇ ಬೇಡ. ಇಡಲೇಬೇಕು ಅಂದ್ರೆ ಕಾರ್ಡ್ ಬಾಕಿ 1.4 ಲಕ್ಷಕ್ಕೆ ಬೇಕಾದಷ್ಟು ಮಾತ್ರ ಇಡಿ, ಅದೂ ಬ್ಯಾಂಕಿನಲ್ಲೇ. ಕಾರ್ಡಿಗೆ ತಿಂಗಳಿಗೆ ಮೂರೂವರೆ ಪರ್ಸೆಂಟ್ ಅಂತ ಹಿಡಿದರೆ 4,900 ಬರೀ ಬಡ್ಡಿ. ಬಂಗಾರದ ಸಾಲ ವರ್ಷಕ್ಕೆ 10 ಪರ್ಸೆಂಟ್ ಇದ್ದರೂ ತಿಂಗಳಿಗೆ 1,200 ಒಳಗೆ. ತಿಂಗಳಿಗೆ 13,000 ತುಂಬಿದರೆ ವರ್ಷದೊಳಗೆ ಬಂಗಾರ ವಾಪಸ್ ಬರುತ್ತದೆ, ಆಗ ಅತ್ತಿಗೆ ಕೇಳಿದ ಪ್ರಶ್ನೆಗೆ ತಿಂಗಳ ಹೆಸರು ಹೇಳಬಹುದು. ಆದರೆ ಆ ಕಾರ್ಡನ್ನು ಮತ್ತೆ ಶಾಪಿಗೆ ಉಜ್ಜಬಾರದು.

ಮತ್ತೆ, ನಿಮ್ಮದು ಪ್ರೊಪ್ರೈಟರ್‌ಶಿಪ್ ಆಗಿದ್ದರೆ ಶಾಪಿನ ಸಾಲಕ್ಕೆ ಮಾಲೀಕನ ಮನೆಯೂ ಹೊಣೆ. ಟರ್ಮ್ ಇನ್ಶೂರೆನ್ಸ್ ತಗೊಳ್ಳುವಾಗ 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆ ಅಡಿ ಮಾಡಿಸಿ, ಆ ಹಣ ಹೆಂಡತಿ ಮಕ್ಕಳಿಗೇ ಸೇರುತ್ತದೆ, ಸಾಲದವರಿಗೆ ಸಿಗುವುದಿಲ್ಲ. ಪಾಲಿಸಿ ತಗೊಳ್ಳುವಾಗಲೇ ಫಾರ್ಮ್ ತುಂಬಬೇಕು, ಆಮೇಲೆ ಆಗುವುದಿಲ್ಲ.

ಉದ್ಯಮಬಾಗ ಹುಡುಗ:

ಆ ಬ್ಯಾಲೆನ್ಸ್ ಪತ್ರಕ್ಕೆ ವಾಟ್ಸಾಪ್‌ನಲ್ಲಿ ಓಕೆ ಅಂತ ಬಂದರೆ ಸಾಕಾ?

ತಿಲಕವಾಡಿ ಲೆಕ್ಕದವಳು:

ಬಂದದ್ದನ್ನು ಅಳಿಸಬೇಡಿ, ಆದರೆ ಅಷ್ಟಕ್ಕೇ ಬಿಡಬೇಡಿ. ಕಂಪನಿ ಮೇಲ್‌ನಿಂದ ಉತ್ತರ ತರಿಸಿ, ಸಹಿ ಸೀಲ್ ಇದ್ದ ಪ್ರತಿ ಸಿಕ್ಕರೆ ಇನ್ನೂ ಗಟ್ಟಿ. ಬಾಕಿ ವಸೂಲಿಗೆ ದಾವೆ ಹಾಕಲು ಮೂರು ವರ್ಷದ ಮಿತಿ ಇದೆ, ಅದರೊಳಗೆ ಬರವಣಿಗೆಯಲ್ಲಿ ಸಹಿ ಹಾಕಿ ಒಪ್ಪಿಕೊಂಡರೆ ಆ ದಿನದಿಂದ ಮತ್ತೆ ಮೂರು ವರ್ಷ ಶುರುವಾಗುತ್ತದೆ. ಡೆಬಿಟ್ ನೋಟ್ ತಕರಾರನ್ನು ಅದೇ ಪತ್ರದಲ್ಲಿ ಬೇರೆ ಸಾಲಿನಲ್ಲಿ ಬರೆಯಿರಿ, ಒಟ್ಟು ಮೊತ್ತದಲ್ಲಿ ಸೇರಿಸಿಬಿಡಬೇಡಿ.