ಪುಟ್ಟಿ ಲೆನ್ಸಿನ ಮಾತು, ಪೂರ್ತಿ ಕೇಳಿಸಿಕೊಳ್ಳಿ

ಹಾಂ, ಕೇಳಿಸ್ತಿದೆಯಾ? ಕೆಂಪು ಚುಕ್ಕೆ ಬಂತು, ಅಂದ್ರೆ ರೆಕಾರ್ಡ್ ಆಗ್ತಿದೆ. ಎಲ್ಲರಿಗೂ ನಮಸ್ಕಾರ. ನಾನು ಬಳ್ಳಾರಿ ದೊಡ್ಡಮ್ಮ. ಟೈಪ್ ಮಾಡಲು ಕೂತರೆ ನನಗೆ ಅರ್ಧ ಗಂಟೆ ಬೇಕು, ಅಕ್ಷರ ಬೇರೆ ಒಂದರ ಮೇಲೊಂದು ಕೂತಂತೆ ಕಾಣುತ್ತವೆ. ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ಉದ್ದ ಆಯ್ತು ಅಂತ ಅರ್ಧಕ್ಕೆ ನಿಲ್ಲಿಸಬೇಡಿ. ನನ್ನ ಮಾತನ್ನು ಡಬಲ್ ಸ್ಪೀಡಿನಲ್ಲಿ ಓಡಿಸಿ ಕೇಳುವವರು ಯಾರು ಅಂತ ನನಗೆ ಗೊತ್ತು.

ಗಂಗಾವತಿ ತಂಗಿ ರಾತ್ರಿ ಹನ್ನೊಂದಕ್ಕೆ ಕೇಳಿದ್ದಾಳೆ. ಅವಳ ಮಗಳು ಪುಟ್ಟಿ ನಿಶ್ಚಿತಾರ್ಥಕ್ಕೆ ಕಣ್ಣಿಗೆ ಬೂದು ಬಣ್ಣದ ಲೆನ್ಸ್ ಹಾಕಿಕೊಳ್ಳುತ್ತಾಳಂತೆ. ಮೇಕಪ್ ಮಾಡುವ ಹುಡುಗಿಯೇ ತರುತ್ತಾಳಂತೆ. ಬರೀ ಬಣ್ಣ, ಪವರ್ ಇಲ್ಲ, ಹಾಗಾಗಿ ಡಾಕ್ಟರಿಗೆ ತೋರಿಸುವುದು ಬೇಕಿಲ್ಲವಂತೆ. "ನನಗ್ಯಾಕೋ ಭಯ ಅಕ್ಕಾ, ಏನೂ ಆಗಲ್ಲ ಅಲ್ವಾ?" ಅಂತ. ಅದರ ಕೆಳಗೆ ಒಬ್ಬರು ಹೆಬ್ಬೆಟ್ಟು ಎತ್ತಿದ್ದಾರೆ. ಇನ್ನೊಬ್ಬರು ಕ್ಯಾರೆಟ್ ಜ್ಯೂಸಿನ ಫಾರ್ವರ್ಡ್ ಹಾಕಿದ್ದಾರೆ. ಸಿರುಗುಪ್ಪದವರು ಗುಡ್ ನೈಟ್ ಗುಲಾಬಿ. ಹುಡುಗಿಯ ಕಣ್ಣಿನ ಮಾತು ನಡೀತಿದೆ, ನಡುವೆ ಗುಲಾಬಿ ಯಾಕೆ ಬೇಕಿತ್ತು?

ಆಗುತ್ತೆ ತಂಗಿ. ಆಗುತ್ತೆ ಅನ್ನುವುದಕ್ಕೆ ನಾನೇ ಸಾಕ್ಷಿ.

ನನ್ನ ಬಲಗಣ್ಣು ಎಲ್ಲರೂ ನೋಡಿದ್ದೀರಿ. ಹೂ ಬಿದ್ದ ಕಣ್ಣು. ಹೇಗಾಯ್ತು ಅಂತ ಕೇಳಿದವರಿಗೆಲ್ಲ ಹತ್ತಿ ಕಟ್ಟಿಗೆ ಚುಚ್ಚಿತು ಅಂತ ಹೇಳಿದ್ದೇವೆ. ಅವ್ವ ಹಾಗೆ ಹೇಳಿಸಿದಳು, ನಾನೂ ಅದನ್ನೇ ಹೇಳಿಕೊಂಡು ಬಂದೆ. ನಿಜ ಹೇಳಬೇಕೆಂದರೆ ನಾನು ಹತ್ತಿ ಹೊಲಕ್ಕೆ ಕಾಲಿಟ್ಟಿದ್ದೇ ಎರಡು ಸಲ. ಆ ಎರಡು ಸಲವೂ ಚಪ್ಪಲಿ ಕೆಡುತ್ತೆ ಅಂತ ಬದುವಿನ ಮೇಲೇ ನಿಂತಿದ್ದೆ. ಅವ್ವ ಈಗಿಲ್ಲ. ಯಾರಿಗೆ ಅಂತ ಇನ್ನು ಮುಚ್ಚಿಡಲಿ?

2003ರ ಮೇ ತಿಂಗಳು. ತಮ್ಮನ ಮದುವೆ, ಇಲ್ಲೇ ಬಳ್ಳಾರಿಯಲ್ಲಿ. ಆ ಬಿಸಿಲು ನಿಮಗೆ ಹೇಳಬೇಕಾಗಿಲ್ಲ. ಅದರ ಜೊತೆಗೆ ಸಂಡೂರು ಕಡೆಯಿಂದ ಅದಿರು ಲಾರಿಗಳು ಬೇರೆ ಓಡಲು ಶುರುವಾಗಿದ್ದವು, ಒಗೆದು ಹಾಕಿದ ಬಿಳಿ ಪಂಚೆ ಸಂಜೆಗೆ ಕೆಂಪಗೆ ಆಗುತ್ತಿತ್ತು. ಹೈದರಾಬಾದ್ ಚಿಕ್ಕಪ್ಪನ ಮಗಳು ಎರಡು ಜೊತೆ ಲೆನ್ಸ್ ತಂದಿದ್ದಳು. ಒಂದು ಹಸಿರು, ಒಂದು ಜೇನು ಬಣ್ಣ. ಹಸಿರು ಅವಳಿಗೆ. ಜೇನು ಬಣ್ಣದ್ದನ್ನು ಅವಳೇ ಮೂರು ತಿಂಗಳು ಹಾಕಿ ಬಿಟ್ಟಿದ್ದಳು, ಅದು ನನಗೆ. "ಅಕ್ಕಾ, ನಿನ್ನ ಬಣ್ಣಕ್ಕೆ ಚೆನ್ನಾಗಿ ಒಪ್ಪುತ್ತೆ" ಅಂದಳು. ನನಗೆ ಆಗ ಮೂವತ್ನಾಲ್ಕು. ಎರಡು ಮಕ್ಕಳ ತಾಯಿ. ಆ ವಯಸ್ಸಿಗೆ ಯಾರಾದರೂ ಒಪ್ಪುತ್ತೆ ಅಂದರೆ ಸಾಕಲ್ವಾ?

ಬೆರಳ ತುದಿಯ ಮೇಲಿಟ್ಟಳು. ಉಳ್ಳಾಗಡ್ಡಿಯ ಒಳಪೊರೆಯಂತೆ ಇತ್ತು, ಅಷ್ಟು ತೆಳು. ನಡುವೆ ಖಾಲಿ, ಸುತ್ತ ಜೇನು ಬಣ್ಣದ ಗೆರೆಗಳು. ಎರಡು ಸಲ ಕಣ್ಣು ಮುಚ್ಚಿಬಿಟ್ಟೆ. ಮೂರನೇ ಸಲ ಜಾರಿ ಬಾಚಣಿಗೆ ಮೇಲೆ ಬಿತ್ತು. ಕಲ್ಯಾಣ ಮಂಟಪದಲ್ಲಿ ನಲ್ಲಿ ಬಂದು ಎಷ್ಟೋ ದಿನವಾಗಿತ್ತು, ಹಿಂದುಗಡೆ ಡ್ರಮ್ಮಿನಲ್ಲಿ ನೀರು ತುಂಬಿಸಿಟ್ಟಿದ್ದರು. ಆ ನೀರನ್ನೇ ಒಂದು ಚೊಂಬು ತಂದು, ಲೆನ್ಸನ್ನು ಅಂಗೈಯಲ್ಲಿಟ್ಟು ತೊಳೆದು ಹಾಕಿಕೊಂಡೆ. ನೀರು ತಿಳಿಯಾಗಿಯೇ ಇತ್ತು. ಕಣ್ಣಿಗೆ ಕಾಣುವ ಕೊಳೆ ಏನೂ ಇರಲಿಲ್ಲ.

ಎಲ್ಲರೂ ಹೊಗಳಿದರು, ಸುಳ್ಳು ಹೇಳುವುದಿಲ್ಲ. ಬೀಗರ ಕಡೆ ಹೆಂಗಸರು ತಿರುಗಿ ತಿರುಗಿ ನೋಡಿದರು. ರಾತ್ರಿ ರಿಸೆಪ್ಷನ್ ಮುಗಿದಾಗ ಒಂದು ಗಂಟೆ. ಜಮಖಾನದ ಮೇಲೆ ಅಡ್ಡಾದೆ. ತೆಗೆಯಲು ಬರುತ್ತಿರಲಿಲ್ಲ, ಅವಳನ್ನು ಎಬ್ಬಿಸಲು ಮನಸ್ಸಾಗಲಿಲ್ಲ, ಬೆಳಗ್ಗೆ ಮುಹೂರ್ತಕ್ಕೂ ಬೇಕು ಅಂತ ಆಸೆ ಬೇರೆ. ಹಾಗೇ ಮಲಗಿದೆ. ನಾಲ್ಕಕ್ಕೆ ಎದ್ದರೆ ರೆಪ್ಪೆಯೊಳಗೆ ಮರಳು ಹಾಕಿದಂತೆ. ಹೋಮದ ಹೊಗೆಯಲ್ಲಿ ಕೂತೆ, ಕಣ್ಣು ಸುರಿಯಿತು. ಅಕ್ಕ ತಮ್ಮನ ಮದುವೆಯ ಸಂತೋಷಕ್ಕೆ ಅಳುತ್ತಿದ್ದಾಳೆ ಅಂದುಕೊಂಡರು. ಒಬ್ಬರು ಬಂದು ಬೆನ್ನು ಸವರಿ ಹೋದರು.

ಸಂಜೆ ತೆಗೆಯಲು ಹೋದರೆ ಬರುವುದೇ ಇಲ್ಲ. ಒಣಗಿ ಅಂಟಿಕೊಂಡಿತ್ತು. ಅವಳು ಉಗುರಿನಲ್ಲಿ ಚಿವುಟಿ ತೆಗೆದಳು. ಎರಡನ್ನೂ ಕಿಟಕಿಯಿಂದ ಆಚೆ ಎಸೆದೆ. ಎಸೆದಿದ್ದು ಯಾಕೆ ತಪ್ಪು ಅಂತ ಆಮೇಲೆ ಹೇಳುತ್ತೇನೆ, ಯಾರಾದರೂ ನೆನಪು ಮಾಡಿ.

ಮರುದಿನ ಕಣ್ಣು ಕೆಂಡ. ಮೆಡಿಕಲ್ ಶಾಪಿನಿಂದ ಡ್ರಾಪ್ಸ್ ತರಿಸಿ ಹಾಕಿದೆವು. ಒಂದು ದಿನ ಕೆಂಪು ಇಳಿಯಿತು, ನೋವೂ ಸ್ವಲ್ಪ ತಗ್ಗಿತು. ವಾಸಿಯಾಯ್ತು ಅಂತ ಹೋಳಿಗೆ ಊಟಕ್ಕೆ ಕೂತೆ. ಅದರಲ್ಲಿ ಸ್ಟೀರಾಯ್ಡ್ ಇತ್ತಂತೆ. ಮೇಲೆ ಕೆಂಪು ತಗ್ಗಿಸಿ ಒಳಗೆ ಹುಣ್ಣನ್ನು ಬೆಳೆಸಿತ್ತು. ಮೂರನೇ ದಿನ ಕನ್ನಡಿಯಲ್ಲಿ ನೋಡಿಕೊಂಡರೆ ಕರಿಗುಡ್ಡೆಯ ಮೇಲೆ ಸಾಸಿವೆಯಷ್ಟು ಬಿಳಿ ಚುಕ್ಕೆ. ನಾಲ್ಕನೇ ದಿನ ಅದು ಜೋಳದ ಕಾಳಿನಷ್ಟಾಗಿತ್ತು. ಬೆಳಕು ಬಿದ್ದರೆ ಸೂಜಿಯಲ್ಲಿ ಚುಚ್ಚಿದಂತೆ. ಮೇ ತಿಂಗಳ ಬಳ್ಳಾರಿಯಲ್ಲಿ ಕಿಟಕಿಗೆ ಕಂಬಳಿ ಕಟ್ಟಿಕೊಂಡು ಕೂತಿದ್ದೆ.

ದೊಡ್ಡಾಸ್ಪತ್ರೆಗೆ ಹೋದಾಗ ಡಾಕ್ಟರಮ್ಮ ಮೊದಲು ಕೇಳಿದ್ದು, "ಲೆನ್ಸ್ ಎಲ್ಲಮ್ಮಾ?" ಅಂತ. ಅದರಲ್ಲಿ ಯಾವ ಕ್ರಿಮಿ ಕೂತಿದೆ ಅಂತ ಪರೀಕ್ಷೆಗೆ ಕಳಿಸಬಹುದಿತ್ತಂತೆ. ಕಿಟಕಿಯಿಂದ ಎಸೆದೆ ಅಂತ ಹೇಗೆ ಹೇಳಲಿ? ಆಮೇಲೆ ಕಣ್ಣಿಗೆ ಮರಗಟ್ಟುವ ಡ್ರಾಪ್ಸ್ ಹಾಕಿ, ಸಣ್ಣ ಬ್ಲೇಡಿನಿಂದ ಹುಣ್ಣನ್ನೇ ಕೆರೆದು ಗಾಜಿನ ಪಟ್ಟಿಗೆ ಹಚ್ಚಿದರು. ನೋವಾಗಲ್ಲ, ಆದರೆ ಬ್ಲೇಡು ಬರುವುದು ಕಾಣುತ್ತೆ. ಅದು ಇವತ್ತಿಗೂ ಕನಸಿನಲ್ಲಿ ಬರುತ್ತೆ.

ಆ ಡಾಕ್ಟರಮ್ಮ ಹೇಳಿದ್ದು ಇನ್ನೂ ಕಿವಿಯಲ್ಲಿದೆ. ಕರಿಗುಡ್ಡೆಯ ಮೇಲೆ ಗಡಿಯಾರದ ಗಾಜಿನಂತೆ ಒಂದು ಪದರ ಇದೆ, ಕಾರ್ನಿಯಾ. ಅರ್ಧ ಮಿಲಿಮೀಟರ್ ದಪ್ಪ. ಅದರಲ್ಲಿ ರಕ್ತ ಹರಿಯುವುದಿಲ್ಲ, ಹರಿದರೆ ನಮಗೆ ಕಾಣಿಸುತ್ತಲೇ ಇರಲಿಲ್ಲ. ಅದಕ್ಕೆ ಉಸಿರು ಹೊರಗಿನ ಗಾಳಿಯಿಂದ, ಕಣ್ಣೀರಿನ ಮೂಲಕ. ಮೇಲೊಂದು ಲೆನ್ಸ್ ಕೂರಿಸಿದರೆ ಗಾಳಿ ಕಡಿಮೆ. ರೆಪ್ಪೆ ಮುಚ್ಚಿ ಮಲಗಿದರೆ ಇನ್ನೂ ಕಡಿಮೆ. ಪದರ ಸೊರಗುತ್ತೆ, ತರಚುತ್ತೆ. ತರಚಿದ ಕಡೆ ನೀರಿನ ಕ್ರಿಮಿ ನುಗ್ಗುತ್ತೆ. ಅದು ಒಂದೆರಡು ದಿನದಲ್ಲೇ ಗುಡ್ಡೆ ತಿನ್ನುವ ಜಾತಿಯದು. ನಲ್ಲಿ ನೀರು, ಬೋರ್ ನೀರು, ಕುಡಿಯುವ ಫಿಲ್ಟರ್ ನೀರು, ಯಾವುದೂ ಲೆನ್ಸಿಗೆ ಆಗಲ್ಲ. "ಪವರ್ ಇಲ್ಲದ್ದು ಡಾಕ್ಟರಮ್ಮಾ, ಸುಮ್ನೆ ಬಣ್ಣಕ್ಕೆ ಹಾಕಿದ್ದು" ಅಂದೆ. "ಪವರ್ ಇದೆಯೋ ಇಲ್ಲವೋ ಕಣ್ಣಿಗೇನು ಗೊತ್ತು?" ಅಂದರು.

ಅರ್ಧ ಗಂಟೆಗೊಂದು ಡ್ರಾಪ್ಸ್, ಹಗಲೂ ರಾತ್ರಿ. ನಮ್ಮ ಮನೆಯವರು ಕೀ ಕೊಡುವ ಅಲಾರಾಂ ಗಡಿಯಾರ ಎದೆಯ ಮೇಲಿಟ್ಟುಕೊಂಡು ಕೂತೇ ನಿದ್ದೆ ಮಾಡುತ್ತಿದ್ದರು. ಹುಣ್ಣು ಮಾಯಿತು, ಕಲೆ ಉಳಿಯಿತು. ಬಲಗಣ್ಣಿನಲ್ಲಿ ಎದುರಿಗೆ ಬೆರಳು ಹಿಡಿದರೆ ಎಣಿಸುತ್ತೇನೆ, ಮುಖ ಮಾತ್ರ ಗುರುತು ಸಿಗುವುದಿಲ್ಲ. ದಾನ ಮಾಡಿದವರ ಕಾರ್ನಿಯಾ ಹಾಕಬಹುದು ಅಂದರು. ಮತ್ತೆ ಬ್ಲೇಡು ನೆನಪಾಗಿ ನಾನೇ ಬೇಡ ಅಂದೆ.

ಪುಟ್ಟಿ, ಕೇಳಿಸಿಕೊಳ್ಳಮ್ಮ. ಇನ್ನೊಬ್ಬರು ಹಾಕಿಬಿಟ್ಟ ಲೆನ್ಸ್ ಹಾಕಬೇಡ. ಹಾಕಿಕೊಂಡು ಮಲಗಬೇಡ. ಮೇಕಪ್ ಹುಡುಗಿ ಒಳ್ಳೆಯವಳೇ ಇರಬಹುದು. ಆದರೆ ಅವಳ ಡಬ್ಬಿಯಲ್ಲಿರುವ ಜೊತೆ ಹೋದ ವಾರ ಯಾವ ಮದುಮಗಳ ಕಣ್ಣಿನಲ್ಲಿತ್ತು ಅಂತ ನಿನಗೆ ಗೊತ್ತಾ?

ಇರಿ, ಹಾಲಿನವನು ಬಂದ. ಹಾಂ... ಅರ್ಧ ಲೀಟರ್ ಸಾಕಪ್ಪಾ. ಹಾಂ, ಏನು ಹೇಳುತ್ತಿದ್ದೆ?

ನಾಲ್ಕು ದಿನ. ನಾಲ್ಕು ದಿನ ಯಾಕೆ ತಡ ಆಯ್ತು ಅಂತ ಡಾಕ್ಟರಮ್ಮ ಬೈದರಲ್ಲ, ಅವರಿಗೆ ಏನಂತ ಹೇಳಲಿ? ಮದುವೆ ಮನೆ ಮುಂದೆ ಮೂರು ಜೀಪು ನಿಂತಿದ್ದವು. ಒಂದು ಬೀಗರಿಗೆ, ಒಂದು ಅಡಿಗೆಯವರಿಗೆ, ಒಂದು ಸುಮ್ನೆ. ಆ ಸುಮ್ನೆ ನಿಂತಿದ್ದ ಜೀಪಿನಲ್ಲಿ ಅಕ್ಕನನ್ನು ಆಸ್ಪತ್ರೆಗೆ ಬಿಟ್ಟು ಬರಲು ಯಾರಿಗೂ ಪುರಸೊತ್ತಿರಲಿಲ್ಲ. "ಬೀಗರೂಟ ಆಗಲಿ ಅಕ್ಕಾ, ಆಮೇಲೆ ಹೋಗೋಣ" ಅಂದವನು ಯಾರು? ತಮ್ಮಾ, ನೀನು ಈ ಗ್ರೂಪಿನಲ್ಲಿದ್ದೀಯ. ನೀನು ನೋಡುತ್ತೀಯ, ಉತ್ತರ ಕೊಡುವುದಿಲ್ಲ ಅಷ್ಟೇ. ಔಷಧಿಗೆ ಅಂತ ನನ್ನ ಎರಡು ಬಳೆ ಮಾರಿದೆವು. "ಭತ್ತ ಬರಲಿ ಅಕ್ಕಾ, ಮಾಡಿಸಿಕೊಡುತ್ತೇನೆ" ಅಂದೆ. ಆಮೇಲೆ ತುಂಗಭದ್ರಾ ಕಾಲುವೆಯಲ್ಲಿ ಎಷ್ಟು ಸಲ ನೀರು ಬಿಟ್ಟರು, ಎಷ್ಟು ಸಲ ಭತ್ತ ಬಂತು! ನಾನು ಬಾಯಿ ಬಿಟ್ಟು ಕೇಳಿದೆನಾ? ಇವತ್ತೂ ಕೇಳುತ್ತಿಲ್ಲ. ಮಾತು ಬಂತು, ಹೇಳಿದೆ.

ಅದಕ್ಕಿಂತ ಜಾಸ್ತಿ ನೋವು ಯಾವುದು ಗೊತ್ತಾ? ಆಮೇಲೆ ಯಾವ ಮದುವೆಗೆ ಹೋದರೂ ಫೋಟೋ ತೆಗೆಯುವಾಗ "ಅಕ್ಕಾ, ನೀವು ಆ ತುದಿಗೆ ನಿಲ್ಲಿ, ಎಡಗಡೆ ಮುಖ ಕಾಣುವಂತೆ" ಅನ್ನುವುದು. ತಮ್ಮನ ಮಗನ ನಾಮಕರಣದ ಆಲ್ಬಮ್ ತೆಗೆದು ನೋಡಿ. ನಾನು ಎಲ್ಲಿದ್ದೇನೆ ಹುಡುಕಿ. ಒಂದು ಕಡೆ ಭುಜ ಇದೆ, ಇನ್ನೊಂದು ಕಡೆ ಸೀರೆ ಸೆರಗು. ತೊಟ್ಟಿಲು ಕೊಡಿಸಿದವಳು ನಾನು.

ಹೋಗಲಿ ಬಿಡಿ. ತಮ್ಮನ ಹೆಂಡತಿ ಒಳ್ಳೆಯವಳು, ಅವಳ ಮೇಲೆ ನನಗೇನೂ ಇಲ್ಲ.

ಪುಟ್ಟಿ, ಇನ್ನೊಂದು ಸಲ ಹೇಳುತ್ತೇನೆ, ಬೇಜಾರಾಗಬೇಡ. ಇನ್ನೊಬ್ಬರ ಲೆನ್ಸ್ ಬೇಡ. ಹಾಕಿಕೊಂಡು ಮಲಗುವುದು ಬೇಡ. ಹತ್ತು ನಿಮಿಷ ಒರಗುತ್ತೇನೆ ಅನ್ನುವುದೂ ಬೇಡ.

ಅಯ್ಯೋ, ಹೇಳಬೇಕಾಗಿದ್ದನ್ನೇ ಮರೆತೆ ನೋಡಿ! ತಂಗಿ, ಪುಟ್ಟಿಗೆ ಕನ್ನಡಕ ಇದೆ ಅಲ್ವಾ? ಮೈನಸ್ ಎರಡೂವರೆ ಅಂದಿದ್ದೆ ನೀನು. ಪವರ್ ಇಲ್ಲದ ಲೆನ್ಸ್ ಹಾಕಿ ಕನ್ನಡಕ ತೆಗೆದಿಟ್ಟರೆ ಸ್ಟೇಜಿನ ಮೇಲೆ ಉಂಗುರ ಹಿಡಿದು ಬರುವವನು ಹುಡುಗನೋ ಅವನ ಅಣ್ಣನೋ ಅಂತ ಅವಳಿಗೆ ಹೇಗೆ ಗೊತ್ತಾಗಬೇಕು? ಬಣ್ಣದ ಲೆನ್ಸು ಪವರ್ ಇರುವುದೂ ಸಿಗುತ್ತೆ. ಇನ್ನೂ ಹನ್ನೆರಡು ದಿನ ಇದೆ. ಕಣ್ಣಿನ ಡಾಕ್ಟರಿಗೆ ತೋರಿಸಿದರೆ ಗುಡ್ಡೆಯ ಉಬ್ಬು ಅಳೆದು ಯಾವ ಅಳತೆ ಕೂರುತ್ತೆ ಅಂತ ಬರೆದು ಕೊಡುತ್ತಾರೆ. ಪೆಟ್ಟಿಗೆಯ ಮೇಲೆ 8.6, 14.2 ಅಂತೆಲ್ಲ ಇರುತ್ತಲ್ಲ, ಅದೇ. ಚಪ್ಪಲಿಗೆ ನಂಬರ್ ಇದ್ದ ಹಾಗೆ. ಹೊಸಪೇಟೆ ಅಳಿಯ ಅಮೆರಿಕದಿಂದ ಬಂದಾಗ ಹೇಳಿದ, ಅಲ್ಲಿ 2005ರಿಂದಲೇ ಪವರ್ ಇಲ್ಲದ ಬಣ್ಣದ ಲೆನ್ಸಿಗೂ ಡಾಕ್ಟರ ಚೀಟಿ ಬೇಕೇ ಬೇಕಂತೆ.

ಒಂದು ದಿನ ಹಾಕಿ ಎಸೆಯುವ ಲೆನ್ಸ್ ಸಿಗುತ್ತವೆ, ಸೀಲ್ ಇರುವ ಹೊಸದು, ಅದನ್ನು ಕೇಳಿ. ಹಾಕುವುದು ತೆಗೆಯುವುದು ಅವಳೇ ಕಲಿಯಲಿ, ಮೊದಲೇ ಎರಡು ಸಲ ಮನೆಯಲ್ಲಿ ಹಾಕಿ ನೋಡಲಿ. ಸೋಪಿನಲ್ಲಿ ಕೈ ತೊಳೆದು, ಪೂರ್ತಿ ಒರೆಸಿಕೊಂಡು. ಮೊದಲು ಲೆನ್ಸ್, ಆಮೇಲೆ ಕಾಡಿಗೆ ಪೌಡರು. ರಾತ್ರಿ ಮೊದಲು ಲೆನ್ಸ್ ತೆಗೆದು, ಆಮೇಲೆ ಮುಖ ತೊಳೆಯುವುದು. ಕೆಂಪಾದರೆ, ನೋವಾದರೆ, ಮಂಜಾದರೆ, ಬೆಳಕು ಚುಚ್ಚಿದರೆ ಸ್ಟೇಜಿನಿಂದ ಇಳಿದು ಬಂದು ತೆಗೆಯಲಿ, ಶಾಸ್ತ್ರ ಕಾಯುತ್ತೆ. ತೆಗೆದ ಲೆನ್ಸನ್ನು ಎಸೆಯದೆ ಡಬ್ಬಿಯಲ್ಲಿ ಹಾಕಿಕೊಂಡು ಆವತ್ತೇ ಡಾಕ್ಟರ ಹತ್ತಿರ. ಮೆಡಿಕಲ್ ಶಾಪಿನ ಡ್ರಾಪ್ಸ್ ಮುಟ್ಟಬೇಡಿ. ಜೀಪು ಯಾರದ್ದಾದರೂ ಒಂದು ಖಾಲಿ ಇಟ್ಟಿರಿ.

ಇಷ್ಟೆಲ್ಲ ತಾಪತ್ರಯ ಬೇಡ ಅಂದರೆ ಆ ಬೂದು ಬಣ್ಣವನ್ನು ಫೋಟೋದವನು ಕಂಪ್ಯೂಟರಿನಲ್ಲೇ ಹಚ್ಚಿಕೊಡುತ್ತಾನೆ, ಕೇಳಿ ನೋಡಿ. ನನಗಂತೂ ಅವಳ ಕಣ್ಣು ಈಗಿರುವಂತೆಯೇ ಇಷ್ಟ, ನಮ್ಮ ಅವ್ವನ ಕಣ್ಣು ಅದು.

ಸೋಮವಾರ ಬೆಳಗ್ಗೆ ಕಂಪ್ಲಿ ಮೇಲಿನ ಬಸ್ಸಿಗೆ ಬರುತ್ತೇನೆ ತಂಗಿ. ಅವಳನ್ನು ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋಗುತ್ತೇನೆ, ನನ್ನ ಕಣ್ಣು ನೋಡಿದರೆ ಅವರೂ ಸ್ವಲ್ಪ ಬಿಡಿಸಿ ಹೇಳುತ್ತಾರೆ. ಕುಕ್ಕರ್ ಕೂಗುತ್ತಿದೆ, ಮೂರಾಯಿತೋ ನಾಲ್ಕಾಯಿತೋ. ಇಡುತ್ತೇನೆ. ತಮ್ಮಾ, ಕೇಳಿಸಿಕೊಂಡಿದ್ದರೆ ಏನಾದರೂ ಒಂದು ಮಾತು ಹಾಕು. ಹೆಬ್ಬೆಟ್ಟು ಬೇಡ.