1978ರ ಸ್ಟ್ರಾಟ್ ತಗೊಳ್ಳಲೋ, ಹೊಸದೋ? ಇಟ್ಟುಕೊಂಡವರು ಹೇಳಿ

ಕೇಳಿದವರು: ಎರಡು ಫೆಂಡರ್ ಸ್ಟ್ರಾಟೊಕಾಸ್ಟರ್ ಎಲೆಕ್ಟ್ರಿಕ್ ಗಿಟಾರ್ ನೋಡಿ ಬಂದಿದ್ದೇನೆ. ಒಂದು 1978ರದ್ದು, ನೆಕ್ ಹಿಂದೆ ಮೂರು ಬೋಲ್ಟ್, ತೂಕ 4.3 ಕೆಜಿ. ಇನ್ನೊಂದು ಹೊಸದು, 3.5 ಕೆಜಿ. ಹಳೆಯದಕ್ಕೆ ದುಡ್ಡು ಹತ್ತಿರ ಹತ್ತಿರ ಎರಡರಷ್ಟು. ನನಗೆ ಎಡಭುಜ ನೋವಿದೆ, ನಿಂತು ನುಡಿಸುವುದೇ ಜಾಸ್ತಿ. ಅನುಭವ ಇದ್ದವರು ಹೇಳಿ.

ಹಳೇತಂತಿ: ಹಳೆಯದೇ ತಗೊಳ್ಳಿ, ಯೋಚನೆ ಬೇಡ. ನನ್ನದು 1979ರದ್ದು, ಹನ್ನೊಂದು ವರ್ಷದಿಂದ ಜೊತೆಗಿದೆ. ತಂದಾಗ ಫ್ರೆಟ್‌ಗಳು (ನೆಕ್ ಮೇಲಿನ ಲೋಹದ ಗೆರೆಗಳು) ಸವೆದು ಚಪ್ಪಟೆಯಾಗಿದ್ದವು. ಬದಲಿಸಲು ಕೊಟ್ಟರೆ, ಮೇಪಲ್ ಫ್ರೆಟ್‌ಬೋರ್ಡ್ ಅಲ್ವಾ, ಮೇಲಿನ ಫಿನಿಶ್ ಕೂಡ ಮತ್ತೆ ಹೊಡೆಯಬೇಕು ಅಂದರು, ಕೂಲಿ ಎರಡರಷ್ಟಾಯಿತು. ಆರು ವಾರ ಅಂದವರು ಐದು ತಿಂಗಳು ಇಟ್ಟುಕೊಂಡರು. ಬಂದ ಮೇಲೆ ನೋಡಿದರೆ 14ನೇ ಫ್ರೆಟ್ ಎದ್ದಿದೆ. ಮತ್ತೆ ಒಂದೂವರೆ ತಿಂಗಳು. ಆಮೇಲೆ ಪಾಟ್‌ಗಳ (ದನಿ ಹೆಚ್ಚುಕಡಿಮೆ ಮಾಡುವ ತಿರುಗುಗುಂಡಿಗಳ) ಕರಕರ, ಮೂರೂ ಬದಲಾದವು. ಜ್ಯಾಕ್ ಹೋಯಿತು, ಸ್ವಿಚ್ ಹೋಯಿತು. ಗಿಟಾರ್‌ಗೆ ಕೊಟ್ಟದ್ದರ ಮೂರನೇ ಒಂದು ಭಾಗ ಇದಕ್ಕೇ ಸುರಿದಿದ್ದೇನೆ, ಲೆಕ್ಕ ಬರೆದಿಟ್ಟಿದ್ದೇನೆ. ಆದರೂ ಮಾರಲ್ಲ. ಆ ತೆಳು ನೈಟ್ರೊ ಲ್ಯಾಕರ್ (ಹಳೇ ಕಾಲದ ಮೆರುಗು ಬಣ್ಣ) ಕೆಳಗೆ ಮರ ಉಸಿರಾಡುತ್ತದಲ್ಲ, ಹೊಸ ಪ್ಲಾಸ್ಟಿಕ್ ಬಣ್ಣದಲ್ಲಿ ಆ ದನಿ ಹುಟ್ಟಲ್ಲ.

ಎರಡುಕಂಬ: ಸಾರ್, 79ರ ಬಾಡಿಗೆ ನೈಟ್ರೊ ಎಲ್ಲಿಂದ ಬಂತು? 1968ರ ಹೊತ್ತಿಗೇ ಫೆಂಡರ್‌ನವರು ಪಾಲಿಯೆಸ್ಟರ್ ಬಣ್ಣಕ್ಕೆ ಹೋಗಿದ್ದರು. ಗಾಜು ಸುರಿದ ಹಾಗೆ ದಪ್ಪ ಪದರ. ನಿಮ್ಮದು ಉಸಿರಾಡುತ್ತಿದ್ದರೆ ಎಲ್ಲೋ ಬಿರುಕು ಬಿಟ್ಟಿದೆ.

ನಾನು ಹೊಸದು ತಗೊಂಡವನು. ಹಳೆಯದರ ಫ್ರೆಟ್‌ಬೋರ್ಡ್ ರೇಡಿಯಸ್ (ಅದರ ಮೇಲ್ಮೈ ಬಾಗಿನ ಅಳತೆ) 7.25 ಇಂಚು, ತಂತಿ ತಗ್ಗಿಸಿಟ್ಟು ಮೇಲಿನ ಫ್ರೆಟ್‌ಗಳಲ್ಲಿ ಎಳೆದರೆ ಸ್ವರ ಸತ್ತೇ ಹೋಗುತ್ತದೆ. ನನ್ನದು 9.5, ಆ ಕಾಟ ಇಲ್ಲ. ಟ್ರೆಮೊಲೊ (ಸ್ವರ ಅಲುಗಿಸುವ ಕಡ್ಡಿ ಇರುವ ಬ್ರಿಡ್ಜ್) ಆರು ಸ್ಕ್ರೂ ಬದಲು ಎರಡೇ ಕಂಬದ ಮೇಲೆ ಕೂತಿದೆ. ಮಧ್ಯದ ಪಿಕಪ್ (ತಂತಿಯ ದನಿ ಹಿಡಿಯುವ ಸುರುಳಿ) ಉಲ್ಟಾ ಸುತ್ತಿರುವುದರಿಂದ ಸ್ವಿಚ್ಚಿನ 2, 4ನೇ ಜಾಗದಲ್ಲಿ ಗುಂಯ್ ಅನ್ನುವುದಿಲ್ಲ. ಕೆಡಿಸಿದ್ದು ನಾನೇ. ನಟ್ (ನೆಕ್ ತುದಿಯಲ್ಲಿ ತಂತಿಗಳು ಕೂರುವ ಗೀರಿನ ತುಂಡು) ಸ್ವಲ್ಪ ಎತ್ತರ ಅನ್ನಿಸಿತು, ಸುಮ್ನೆ ಇರಲಾರದೆ ಅರ ಹಿಡಿದು ಕೂತೆ. ಜಾಸ್ತಿ ಉಜ್ಜಿ ಒಂದನೇ ತಂತಿ ಫ್ರೆಟ್‌ಗೆ ತಾಗತೊಡಗಿತು. ಆ ನಟ್ ಕೀಳುವಾಗ ನೆಕ್‌ನ ಫಿನಿಶ್ ಚೂರು ಎದ್ದು ಬಂತು. ಎರಡನೇ ನಟ್ ಓರೆಯಾಗಿ ಅಂಟಿಸಿದೆ. ಮೂರನೆಯದಕ್ಕೆ ಕೈಮುಗಿದು ಬಲ್ಲವರಿಗೆ ಕೊಟ್ಟೆ. ಆ ಚೂರು ಹಾರಿದ ಗುರುತು ದಿನಾ ಕಣ್ಣಿಗೆ ಬೀಳುತ್ತದೆ.

ಹಳೇತಂತಿ: ಹೆಡ್‌ಸ್ಟಾಕ್ (ತಂತಿ ಬಿಗಿಸುವ ತಲೆಭಾಗ) ಮುಂಭಾಗಕ್ಕೆ ಆಗಲೂ ನೈಟ್ರೊನೇ ಹೊಡೀತಿದ್ದರು. ಅರ್ಧ ಓದಿಕೊಂಡು ಬರಬೇಡಿ.

ಎರಡುಕಂಬ: ನೀವು ಹೆಡ್‌ಸ್ಟಾಕ್ ನುಡಿಸ್ತೀರಾ?

ಬೆಸುಗೆಗಾಯ: ನಿಮ್ಮ ಬಣ್ಣದ ಜಗಳ ಅತ್ಲಾಗಿಡಿ. ‘ಎಲ್ಲ ಒರಿಜಿನಲ್, 1976’ ಅಂದದ್ದನ್ನು ನಂಬಿ ತಗೊಂಡವನು ನಾನು. ಮನೆಗೆ ತಂದು ಪಿಕ್‌ಗಾರ್ಡ್ (ಮುಂಭಾಗದ ತಟ್ಟೆ) ಬಿಚ್ಚಿದರೆ ಪಾಟ್ ಬೆನ್ನ ಮೇಲೆ 1379214. 137 ಅಂದರೆ ಸಿಟಿಎಸ್ ಅನ್ನುವ ಪಾಟ್ ಕಂಪನಿ, 92ನೇ ಇಸವಿ, 14ನೇ ವಾರ. ಎದೆ ಧಸಕ್ ಅಂತು. ಸ್ಕ್ರೂ ತೂತಿನೊಳಗೆ ಬೇರೆ ಬಣ್ಣ, ಅಂದರೆ ಬಾಡಿ ಕೆರೆದು ಮತ್ತೆ ಹೊಡೆದದ್ದು. ನೆಕ್ ಕೂರುವ ಗುಂಡಿಯನ್ನೂ ಯಾರೋ ಉಜ್ಜಿ ಅಗಲ ಮಾಡಿದ್ದಾರೆ. ಇರೋದು ಮೂರು ಬೋಲ್ಟ್, ಸ್ವಲ್ಪ ತಳ್ಳಿದರೆ ನೆಕ್ ಪಕ್ಕಕ್ಕೆ ಜಾರಿ ಒಂದನೇ ತಂತಿ ಅಂಚಿನಿಂದ ಆಚೆ. ಅಳತೆಗೆ ಮರದ ಚೂರು ಕೂರಿಸಲು ಎರಡು ಸಲ ಕೊಟ್ಟೆ, ಎರಡು ಸಲವೂ ಬಿಟ್ಟುಕೊಂಡಿತು. ಮಾರಲು ಹೋದರೆ ನಾನು ಕೊಟ್ಟದ್ದರಲ್ಲಿ ಅರ್ಧಕ್ಕೂ ಕೇಳಲಿಲ್ಲ.

ಹಳೇತಂತಿ: ಮೂರು ಬೋಲ್ಟ್‌ನದ್ದು ಏನೂ ತಪ್ಪಿಲ್ಲ. 1971ರಿಂದ 81ರವರೆಗೆ ಅದನ್ನೇ ಹಾಕಿದರು. ನನ್ನದು ಅಲ್ಲಾಡಿಲ್ಲ. ದುಡ್ಡು ಕೊಡುವ ಮೊದಲೇ ಬಿಚ್ಚಿ ನೋಡಬೇಕಿತ್ತು ನೀವು.

ಬೆಸುಗೆಗಾಯ: ಬಿಚ್ಚೋಕೆ ಬಿಟ್ಟರೆ ತಾನೆ? ‘ಫ್ಯಾಕ್ಟರಿ ಬೆಸುಗೆ, ಕೈ ಹಾಕಬೇಡಿ’ ಅಂದ. ಹೋಗಲಿ, ಮೂರೂ ಪಾಟ್ ಬದಲಿಸಿದೆ ಅಂದಿರಲ್ಲ, ಹಳೆಯವು ಎಲ್ಲಿವೆ?

ಕೇಳಿದವರು: ತೂಕದ ವಿಷಯ?

ಎರಡುಕಂಬ: ಅಗಲವಾದ ಪಟ್ಟಿ ಹಾಕಿಕೊಳ್ಳಿ. ಹೌದು ಸಾರ್, ಪಾಟ್ ಎಲ್ಲಿ?

ಹಳೇತಂತಿ: ರಿಪೇರಿಯವರ ಹತ್ತಿರವೇ ಬಿಟ್ಟೆ. ಕೆಟ್ಟ ಪಾಟ್ ಇಟ್ಟುಕೊಂಡು ಏನು ಮಾಡಲಿ?

ಬೆಸುಗೆಗಾಯ: ಅಯ್ಯೋ ಗುರುವೇ! 79ರ ಗುರುತಿದ್ದ ಪಾಟ್ ಅವು. ಅವಿಲ್ಲದೆ ಹೊರಗಿನಿಂದ ನೋಡುವವನಿಗೆ ನಿಮ್ಮದೂ ನನ್ನದೂ ಒಂದೇ.

ಹಳೇತಂತಿ: ಒಂದೇ ಅಲ್ಲ. ಬಾಡಿ ಬಣ್ಣ ನನ್ನದು ಒರಿಜಿನಲ್.

ಎರಡುಕಂಬ: ಪಾಲಿಯೆಸ್ಟರ್.

ಹಳೇತಂತಿ: ನಿಮ್ಮ ಹತ್ತಿರ ಮಾತಿಲ್ಲ. ನಾಳೆ ಫೋನ್ ಮಾಡಿ ಕೇಳ್ತೀನಿ, ಡಬ್ಬದಲ್ಲಿ ಎಲ್ಲಾದರೂ ಇಟ್ಟಿರಬಹುದು.