ಟಾಸ್ಕ್ ಮ್ಯಾನೇಜರ್ ತೆರೆದ ಕೂಡಲೇ ಫ್ಯಾನ್ ಸದ್ದು ನಿಲ್ಲುತ್ತೆ, ಒಳಗೆ ಮೈನರ್ (ಕದ್ದು ಕ್ರಿಪ್ಟೋ ನಾಣ್ಯ ತೆಗೆಯುವ ಪ್ರೋಗ್ರಾಂ) ಕೂತಿದೆಯಾ?

ರಾಜಾಜಿನಗರದವನು:
ನಮಸ್ಕಾರ. ರೈಜೆನ್ 5, 16 ಜಿಬಿ ರ‍್ಯಾಮ್, ವಿಂಡೋಸ್ 11. ಮೂರು ವಾರದಿಂದ ಒಂದೇ ಕಾಟ. ಊಟಕ್ಕೆ ಎದ್ದು ಹೋದರೆ ಐದು ನಿಮಿಷದಲ್ಲಿ ಫ್ಯಾನ್ ಜೋರಾಗುತ್ತದೆ. ಬಂದು ಮೌಸ್ ಅಲುಗಿಸಿದರೆ ತಣ್ಣಗಾಗುತ್ತದೆ. ಟಾಸ್ಕ್ ಮ್ಯಾನೇಜರ್ ನೋಡಿದರೆ ಸಿಪಿಯು ಬರೀ 4 ಪರ್ಸೆಂಟ್. ಬೆಂಗಳೂರಿನ ಏಪ್ರಿಲ್ ಸೆಕೆ ಇರಬೇಕು ಅಂದುಕೊಂಡೆ. ಅಂಗಡಿಯಲ್ಲಿ ಧೂಳು ತೆಗೆಸಿ ಥರ್ಮಲ್ ಪೇಸ್ಟ್ ಹಾಕಿಸಿದೆ, 800 ರೂಪಾಯಿ ಹೋಯಿತು, ಸದ್ದು ಹಾಗೇ ಇದೆ. ವಿಂಡೋಸ್‌ನ ಆಂಟಿವೈರಸ್ ಡಿಫೆಂಡರ್ ಏನೂ ಇಲ್ಲ ಎನ್ನುತ್ತದೆ. ಅಮ್ಮ ಟೈಲರಿಂಗ್ ಲೆಕ್ಕ ಇಡುವುದೂ ತಂಗಿ ಓದುವುದೂ ಇದರಲ್ಲೇ. ದಯವಿಟ್ಟು ದಾರಿ ತೋರಿಸಿ.

ಹಳೇಮದರ್‌ಬೋರ್ಡ್:
ನೀವು ಹೇಳಿದ್ದು ಮೈನರ್‌ನ ನಡತೆಯೇ. ಟಾಸ್ಕ್ ಮ್ಯಾನೇಜರ್ ಓಡುತ್ತಿದೆಯಾ ಎಂದು ಅದು ನೋಡುತ್ತಲೇ ಇರುತ್ತದೆ, ಕಂಡ ಕೂಡಲೇ ಕೆಲಸ ನಿಲ್ಲಿಸುತ್ತದೆ. ಇವು ಹೆಚ್ಚಾಗಿ ತೆಗೆಯುವುದು ಮೊನೆರೊ ನಾಣ್ಯ. 2019ರ ನವೆಂಬರ್‌ನಿಂದ ಮೊನೆರೊ ಬಳಸುವ ರ‍್ಯಾಂಡಮ್‌ಎಕ್ಸ್ ಲೆಕ್ಕವನ್ನು ಸಾಮಾನ್ಯ ಸಿಪಿಯುಗೆ ಹೊಂದುವಂತೆಯೇ ಮಾಡಿದ್ದಾರೆ. ಅದಕ್ಕೇ ನಮ್ಮಂಥವರ ಮನೆ ಕಂಪ್ಯೂಟರ್ ಮೇಲೂ ಕಣ್ಣು. ವೇಗವಾಗಿ ಓಡಲು ಅದಕ್ಕೆ 2 ಜಿಬಿಗಿಂತ ಜಾಸ್ತಿ ಮೆಮೊರಿ ಬೇಕು. ಈ ಸುಳಿವು ನೆನಪಿಡಿ.

ಮೊದಲು ಡಿಫೆಂಡರ್‌ನ ಎಕ್ಸ್‌ಕ್ಲೂಷನ್ಸ್ ಪಟ್ಟಿ ನೋಡಿ, ಅದರಲ್ಲಿರುವ ಜಾಗಗಳನ್ನು ಅದು ಸ್ಕ್ಯಾನ್ ಮಾಡುವುದಿಲ್ಲ. ನೀವು ಸೇರಿಸದ ಫೋಲ್ಡರ್ ಅಲ್ಲಿದ್ದರೆ ಸ್ಕ್ಯಾನ್‌ನಲ್ಲಿ ಏನೂ ಸಿಗದಿರುವುದಕ್ಕೆ ಕಾರಣ ಅದೇ. ಆಮೇಲೆ ಸಿಪಿಯು ಬಿಸಿ ತೋರಿಸುವ ಎಚ್‌ಡಬ್ಲ್ಯೂಇನ್ಫೋದಲ್ಲಿ ಲಾಗಿಂಗ್ ಹಾಕಿ, ಅರ್ಧ ಗಂಟೆ ಕಂಪ್ಯೂಟರ್ ಮುಟ್ಟಬೇಡಿ. ಟಾಸ್ಕ್ ಮ್ಯಾನೇಜರ್‌ನಂತೆಯೇ ಓಡುತ್ತಿರುವ ಪ್ರೋಗ್ರಾಂಗಳನ್ನು ತೋರಿಸುವ, ಮೈಕ್ರೋಸಾಫ್ಟ್‌ನವರದೇ ಪ್ರೊಸೆಸ್ ಎಕ್ಸ್‌ಪ್ಲೋರರ್ ಇಳಿಸಿ, ಅದರ ಫೈಲ್ ಹೆಸರು ಬದಲಿಸಿ ಓಡಿಸಿ. ಹೆಸರು ನೋಡಿ ಅಡಗುವ ಮೈನರ್ ಇದಕ್ಕೆ ಸಿಕ್ಕಿಬೀಳಬಹುದು.

ಇತ್ತೀಚೆಗೆ ಏನಾದರೂ ಕ್ರ್ಯಾಕ್, ಅಂದರೆ ದುಡ್ಡು ಕೊಡದೆ ಬಳಸಲು ಬೀಗ ಮುರಿದ ಸಾಫ್ಟ್‌ವೇರ್, ಹಾಕಿದ್ದೀರಾ?

ರಾಜಾಜಿನಗರದವನು:
ಹೌದು. ಅಕ್ಕನ ಮದುವೆ ವಿಡಿಯೋ ಎಡಿಟ್ ಮಾಡಲು ತಂಗಿ ಒಂದು ಹಾಕಿದ್ದಳು. ಮೂರು ವಾರದ ಹಿಂದೆಯೇ.

ನೀವು ಹೇಳಿದಂತೆ ಮಾಡಿದೆ. ಎಕ್ಸ್‌ಕ್ಲೂಷನ್ಸ್‌ನಲ್ಲಿ ಇಡೀ ಪ್ರೋಗ್ರಾಂಡೇಟಾ ಫೋಲ್ಡರ್ ಇದೆ! ಲಾಗ್‌ನಲ್ಲಿ ನಾನು ಎದ್ದ ಆರನೇ ನಿಮಿಷಕ್ಕೆ 86 ಡಿಗ್ರಿ. ಪ್ರೊಸೆಸ್ ಎಕ್ಸ್‌ಪ್ಲೋರರ್‌ಗೆ 'ಲೆಕ್ಕ' ಎಂದು ಹೆಸರಿಟ್ಟೆ. ಒಂದು ಕಾನ್‌ಹೋಸ್ಟ್ (ವಿಂಡೋಸ್‌ನದೇ ಒಂದು ಪ್ರೋಗ್ರಾಂ) 2.3 ಜಿಬಿ ಮೆಮೊರಿ ಹಿಡಿದು ಕೂತಿತ್ತು. ಕಿಲ್ ಮಾಡಿದೆ, ಹತ್ತು ನಿಮಿಷಕ್ಕೆ ವಾಪಸ್ ಬಂತು.

ಹಳೇಮದರ್‌ಬೋರ್ಡ್:
ಅದೇ ಕಳ್ಳ. ನಿಜವಾದ ಕಾನ್‌ಹೋಸ್ಟ್‌ಗೆ ಕೆಲವೇ ಎಂಬಿ ಸಾಕು. ಅದರ ಹೊಟ್ಟೆಯೊಳಗೆ ಮೈನರ್ ತುಂಬಿಸಿದ್ದಾರೆ, ಅದಕ್ಕೇ ಹೆಸರೂ ಜಾಗವೂ ಸರಿಯಾಗೇ ಕಾಣುತ್ತವೆ. ನೀವು ಕೊಂದಿದ್ದು ಕೂಲಿಯವನನ್ನು, ಕಳಿಸುವವನು ಇನ್ನೂ ಅಲ್ಲೇ ಇದ್ದಾನೆ. ನೆಟ್ ಕೇಬಲ್ ಕಿತ್ತು, ತಾನಾಗಿ ಶುರುವಾಗುವ ಪ್ರೋಗ್ರಾಂಗಳನ್ನು ತೋರಿಸುವ ಆಟೋರನ್ಸ್‌ನಲ್ಲಿ ಶೆಡ್ಯೂಲ್ಡ್ ಟಾಸ್ಕ್ಸ್, ಸರ್ವಿಸಸ್, ಡಬ್ಲ್ಯೂಎಂಐ ಮೂರನ್ನೂ ನೋಡಿ. ಪ್ರೋಗ್ರಾಂಡೇಟಾಗೆ ಬೆರಳು ತೋರಿಸುವ, ಡಿಜಿಟಲ್ ಸಹಿ ಇಲ್ಲದ ನಮೂದಿದ್ದರೆ ಮೊದಲು ಅದರ ಟಿಕ್ ತೆಗೆಯಿರಿ, ಆಮೇಲೆ ಕಾನ್‌ಹೋಸ್ಟ್ ಕಿಲ್ ಮಾಡಿ. ಎಕ್ಸ್‌ಕ್ಲೂಷನ್ ಅಳಿಸಿ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಹಾಕಿ.

ಆದರೆ ನನ್ನ ಮಾತು ಕೇಳಿ, ಇಷ್ಟಕ್ಕೇ ಬಿಡಬೇಡಿ. ಇಂಥ ಕ್ರ್ಯಾಕ್‌ಗಳ ಜೊತೆ ಪಾಸ್‌ವರ್ಡ್ ಕದಿಯುವ ಪ್ರೋಗ್ರಾಂ ಕೂಡ ಬರುವುದುಂಟು. ಬೇರೆಯವರ ಕಂಪ್ಯೂಟರ್‌ನಲ್ಲಿ ವಿಂಡೋಸ್ ಪೆನ್‌ಡ್ರೈವ್ ಮಾಡಿಕೊಳ್ಳಿ. ಫೋಟೋ ಮತ್ತು ಅಮ್ಮನ ಲೆಕ್ಕದ ಫೈಲ್ ಮಾತ್ರ ಉಳಿಸಿ, ಡಿಸ್ಕ್ ಪೂರ್ತಿ ಅಳಿಸಿ ಹೊಸದಾಗಿ ಹಾಕಿ. ಬ್ಯಾಂಕ್, ಇಮೇಲ್ ಪಾಸ್‌ವರ್ಡ್‌ಗಳನ್ನು ಇವತ್ತೇ ಮೊಬೈಲಿನಿಂದ ಬದಲಿಸಿ. ಅದಕ್ಕೆ ನಾಳೆವರೆಗೆ ಕಾಯಬೇಡಿ.

ತಂಗಿಯನ್ನು ಬೈಯಬೇಡಿ, ಪಾಪ. ಎಡಿಟಿಂಗ್‌ಗೆ ಡಾವಿಂಚಿ ರಿಸಾಲ್ವ್ ಉಚಿತ ಆವೃತ್ತಿ ಇದೆ, ಮದುವೆ ವಿಡಿಯೋಗೆ ಧಾರಾಳ ಸಾಕು.

ರಾಜಾಜಿನಗರದವನು:
ಟಾಸ್ಕ್‌ಗಳಲ್ಲೇ ಇತ್ತು, ಅಪ್‌ಡೇಟ್ ಅಂತ ಹೆಸರಿಟ್ಟುಕೊಂಡು. ಪಾಸ್‌ವರ್ಡ್ ಎಲ್ಲಾ ಬದಲಿಸಿದೆ, ಭಾನುವಾರ ವಿಂಡೋಸ್ ಹೊಸದಾಗಿ ಹಾಕಿದೆ. ನಿನ್ನೆ ರಾತ್ರಿ ಪೂರ್ತಿ ಲಾಗ್ ಇಟ್ಟೆ, 44 ಡಿಗ್ರಿ ದಾಟಿಲ್ಲ. ತಂಗಿ ರಿಸಾಲ್ವ್‌ನಲ್ಲಿ ಧಾರೆ ಎರೆಯುವ ಭಾಗದಿಂದ ಮತ್ತೆ ಶುರು ಮಾಡಿದ್ದಾಳೆ. ತುಂಬಾ ಉಪಕಾರ ಆಯ್ತು.